ಮೂರನೆಯ ಡಿವಿಡಿಯ ಮುನಿಸು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕಂಪ್ಯೂಟರ್ ಇನ್ನು ಹನ್ನೆರಡು ನಿಮಿಷ ಸಾಕು ಎಂದಿತು. ಹತ್ತೂವರೆಗೆ ಅದೇ ಕಂಪ್ಯೂಟರ್ ಮೂರು ತಾಸು ಬೇಕು ಎಂದಿತು. ಹನ್ನೊಂದಕ್ಕೆ ಹದಿನೇಳು ತಾಸು ಎಂದಾಗ ಶರಣಕುಮಾರ ಕುರ್ಚಿಗೆ ಒರಗಿ ಪರದೆಯನ್ನೇ ಸುಮ್ಮನೆ ನೋಡತೊಡಗಿದ.

ಸುಮ್ಮನಿರುವುದು ಅವನಿಗೆ ಹೊಸದಲ್ಲ. ಕಲಬುರಗಿಯಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ ಬಂದು, ಶಹಾಪುರದ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಇಟ್ಟು ಆರು ವರ್ಷವಾಗಿತ್ತು. ಗಿರಾಕಿ ಏನಾದರೂ ಕೇಳಿದರೆ ಅವನು ಮೊದಲು ಒಂದು ಗಳಿಗೆ ಮೌನವಾಗುತ್ತಿದ್ದ. ಆ ಮೌನವನ್ನು ಕಂಡ ಊರವರು, ಇವನಿಗೆ ಕಂಪ್ಯೂಟರ್ ಆಳವಾಗಿ ಗೊತ್ತು ಎಂದು ತೀರ್ಮಾನಿಸಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವನು ಬಹಳ ಸಲ ಬೇರೆ ಏನನ್ನೋ ಯೋಚಿಸುತ್ತಿರುತ್ತಿದ್ದ.

“ಏನಂತದೋ ಅದು?” ಬೆಂಚಿನ ಮೇಲಿಂದ ಅವನ ತಾಯಿ ಸೂಗಮ್ಮ ಕೇಳಿದಳು. ಇಳಕಲ್ ಸೀರೆ ಉಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುರಪುರದ ಬಸ್ಸಿಗೆ ತಯಾರಾಗಿ ಕೂತಿದ್ದಳು.

“ಹದಿನೇಳು ತಾಸು.”

“ಹದಿನೇಳು ತಾಸಿನಾಗ ನಾನು ಮುಂಬೈಗಿ ಹೋಗಿ ಬಂದೇನು. ನನ್ನ ತಮ್ಮ ಸುರಪುರದಾಗ ಕೂತಾನ, ಇಲ್ಲಿಂದ ಒಂದು ತಾಸಿನ ಹಾದಿ. ಜಲ್ದಿ ಮಾಡಂತ ಹೇಳು ಅದಕ್ಕ.”

ಅವಸರಕ್ಕೆ ಕಾರಣವಿತ್ತು. ಶರಣಕುಮಾರನ ಮದುವೆ ಗೊತ್ತಾಗಿತ್ತು. ಯಾದಗಿರಿಯ ಮುದ್ರಣದವನು, ಲಗ್ನಪತ್ರಿಕೆಯ ಹೆಸರುಗಳನ್ನು ಇವತ್ತು ಸಂಜೆ ಆರರೊಳಗೆ ಹೇಳದಿದ್ದರೆ ಮುಂದಿನ ವಾರಕ್ಕೆ ಹೋಗುತ್ತದೆ ಎಂದು ಖಡಾಖಂಡಿತವಾಗಿ ಹೇಳಿದ್ದ. ಉಳಿದ ಹೆಸರೆಲ್ಲ ಸಿದ್ಧ. ‘ಸೋದರಮಾವ’ ಎಂಬ ಪದದ ಮುಂದೆ ಮಾತ್ರ ಜಾಗ ಖಾಲಿ.

ಆ ಜಾಗದಲ್ಲಿ ಇರಬೇಕಾದವನು ಸೂಗಮ್ಮನ ಒಬ್ಬನೇ ತಮ್ಮ ಚನ್ನಯ್ಯ. ಅವನು ಅಕ್ಕನ ಜೊತೆ ಮಾತು ಬಿಟ್ಟು ಹದಿನೈದು ವರ್ಷ. ಶರಣಕುಮಾರನ ಅಕ್ಕ ಕಸ್ತೂರಿಯ ಮದುವೆ ಯಾದಗಿರಿಯಲ್ಲಿ ನಡೆದಾಗ, ತನ್ನನ್ನು ಊಟಕ್ಕೆ ಕರೆಯಲಿಲ್ಲ ಎಂಬುದು ಅವನ ತಕರಾರು. ಈ ಕಡೆ ಸೋದರಮಾವನನ್ನು ಬಾಯಲ್ಲಿ ಕರೆದರೆ ಕರೆದಂತಲ್ಲ. ಕೈ ಹಿಡಿದು ಎಬ್ಬಿಸಬೇಕು, ಪಂಕ್ತಿಯವರೆಗೆ ನಡೆಸಿಕೊಂಡು ಹೋಗಬೇಕು, ಎಲೆಯ ಮುಂದೆ ಕೂಡಿಸಿದ ಮೇಲೆಯೇ ಕೈ ಬಿಡಬೇಕು. ಅವತ್ತು ಯಾರೂ ತನ್ನ ಕೈ ಹಿಡಿಯಲಿಲ್ಲ ಎಂದು ಚನ್ನಯ್ಯ ಸಂಜೆಯ ಬಸ್ಸಿಗೆ ಸುರಪುರಕ್ಕೆ ಹೋಗಿ, ಮನೆಯಲ್ಲಿದ್ದ ತಂಗಳು ರೊಟ್ಟಿ ತಿಂದು ಮಲಗಿದವನು, ಆಮೇಲೆ ಅಕ್ಕನ ಮುಂದೆ ಬಾಯಿ ತೆರೆದಿರಲಿಲ್ಲ. “ನಾನು ಕರದೀನಿ” ಎಂದು ಶರಣಕುಮಾರನ ಅಪ್ಪ ಸಾಯುವವರೆಗೂ ಹೇಳಿದರು. ಸೂಗಮ್ಮನಿಗೆ ಆ ಮಾತು ಶಾಸನ.

ಹಾಗೆಂದು ಎರಡು ಮನೆಗಳ ನಡುವೆ ಸುದ್ದಿ ನಿಂತಿತ್ತು ಎಂದಲ್ಲ. ಚನ್ನಯ್ಯನ ಹೆಂಡತಿ ಚಂದಮ್ಮ ದಿನಾ ಸೂಗಮ್ಮನಿಗೆ ಫೋನ್ ಮಾಡುತ್ತಿದ್ದಳು. ಚನ್ನಯ್ಯ ಪಕ್ಕದಲ್ಲೇ ಕೂತು, ಫೋನಿನ ಸ್ಪೀಕರ್ ಹಾಕಿಸಿ, “ಹೇಳು ಅಕಿಗಿ” ಎಂದು ಉತ್ತರ ಒದಗಿಸುತ್ತಿದ್ದ. ಮೊನ್ನೆಯೂ ಹಾಗೆಯೇ ಹೇಳಿಸಿದ್ದ: “ಕೈ ಹಿಡದು ಕರದೀವಿ ಅಂತಾರಲ್ಲ, ವಿಡಿಯೋದಾಗ ತೋರಿಸಲಿ. ತೋರಿಸಿದ್ರ ನನ್ನ ಹೆಸರು ಹಾಕಸ್ಲಿ, ಮುಂದ ನಿಂತು ಲಗ್ನ ಮಾಡ್ತೀನಿ. ಇಲ್ಲಂದ್ರ ಪತ್ರಿಕಾದಾಗ ನನ್ನ ಹೆಸರು ಬರಬಾರದು.”

ಮದುವೆಯ ಡಿವಿಡಿಗಳು ಮೂರು. ಮೊದಲನೆಯದರಲ್ಲಿ ಅರಿಶಿಣ, ಎರಡನೆಯದರಲ್ಲಿ ತಾಳಿ, ಮೂರನೆಯದರಲ್ಲಿ ಊಟ. ಕಸ್ತೂರಿಗೆ ಕೊಟ್ಟ ಮೂರೂ ಗುರುಮಠಕಲ್ಲಿನಲ್ಲಿ ಅವಳ ಮಾವನ ಜೋಳದ ಹೊಲದಲ್ಲಿ ದಾರಕ್ಕೆ ತೂಗಿ ಗಿಣಿ ಓಡಿಸುತ್ತಿದ್ದವು. ಉಳಿದದ್ದು ಸೂಗಮ್ಮನ ಅಲಮಾರಿಯ ಪ್ರತಿ. ಚನ್ನಯ್ಯನ ಟಿವಿಗೆ ಪೆನ್‌ಡ್ರೈವ್ ಹಾಕಬಹುದೇ ಹೊರತು ಡಿವಿಡಿ ಹಾಕಲು ಬರುತ್ತಿರಲಿಲ್ಲ. ಶರಣಕುಮಾರನ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಡಿವಿಡಿ ಹಾಕುವ ತಟ್ಟೆ ಇತ್ತು. ಆದ್ದರಿಂದ ಮೂರನೆಯ ಡಿವಿಡಿಯನ್ನು ಅದರಲ್ಲಿ ಹಾಕಿ ಪೆನ್‌ಡ್ರೈವಿಗೆ ಇಳಿಸುವುದು, ಎರಡು ಗಂಟೆಯ ಬಸ್ಸಿಗೆ ಸುರಪುರಕ್ಕೆ ಹೋಗುವುದು ಎಂದಾಗಿತ್ತು.

ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಭೀಮೇಶ ಚಹಾದ ಲೋಟ ಹಿಡಿದು ಒಳಗೆ ಬಂದ. ಪರದೆ ನೋಡಿದ. “ವೈರಸ್ ಹೊಕ್ಕದ” ಎಂದ.

ಶರಣಕುಮಾರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ವೈರಸ್ ಹುಡುಕುವ ತಂತ್ರಾಂಶ ಹಿಂದೆ ಓಡುತ್ತಿತ್ತು, ಅದನ್ನು ನಿಲ್ಲಿಸಿದ. ತೆರೆದಿದ್ದ ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿದ. ಪೆನ್‌ಡ್ರೈವನ್ನು ಮುಂದಿನ ತೂತಿನಿಂದ ತೆಗೆದು ಹಿಂದಿನ ತೂತಿಗೆ ಹಾಕಿದ. ಹದಿನೇಳು ಇದ್ದದ್ದು ಹತ್ತೊಂಬತ್ತು ತಾಸಾಯಿತು.

“ಬ್ಯಾಟ್ರಿ ಬದ್ಲಿ ಮಾಡಿ ನೋಡಿದೇನು?” ಭೀಮೇಶ ಕೇಳಿದ.

“ಇದಕ್ಕ ಬ್ಯಾಟ್ರಿ ಎಲ್ಲದನೋ.”

“ಅದೇ ನೋಡು ಮತ್ತ. ಬ್ಯಾಟ್ರಿ ಇಲ್ಲ ಅಂದ್ರ ದಮ್ಮು ಎಲ್ಲಿಂದ ಬರಬೇಕು?”

ಶರಣಕುಮಾರ ತರ್ಕಬದ್ಧವಾಗಿ ಹೊರಟ. ತಪ್ಪು ಡಿವಿಡಿಯದೋ ಯಂತ್ರದ್ದೋ? ಯಾರೋ ಗಿರಾಕಿ ಮರೆತು ಹೋಗಿದ್ದ ಭಜನೆಯ ಡಿವಿಡಿಯೊಂದು ಕಪಾಟಿನಲ್ಲಿತ್ತು. ಅದನ್ನು ಹಾಕಿ ನೋಡಿದ. ಅದೂ ಆಮೆಯಂತೆ ತೆವಳಿತು. ಅಲ್ಲಿಗೆ ತಪ್ಪು ಯಂತ್ರದ್ದೇ ಎಂದು ಸಿದ್ಧವಾಯಿತು. ಮದುವೆಯ ಡಿವಿಡಿಯನ್ನು ಮತ್ತೆ ತಟ್ಟೆಯಲ್ಲಿಟ್ಟು, ಯಂತ್ರದ ಒಳಗಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಹನ್ನೆರಡೂ ಕಾಲು ಮಾಡಿದ. ಒಂದು ವಸ್ತುವನ್ನು ಮಗುಚಿ ನೋಡುವ ಮೊದಲು ಅದರ ಬಗ್ಗೆ ದೀರ್ಘವಾಗಿ ಯೋಚಿಸುವುದು ಅವನ ಹಳೆಯ ಅಭ್ಯಾಸ.

ಭೀಮೇಶನಿಗೆ ಆ ಅಭ್ಯಾಸ ಇರಲಿಲ್ಲ. ಅವನು ಗುಂಡಿ ಒತ್ತಿ ತಟ್ಟೆ ಹೊರಗೆ ತರಿಸಿ, ಡಿವಿಡಿಯನ್ನು ಎತ್ತಿ ಮಗುಚಿದ.

“ಲೇ ಶರಣ್ಯಾ, ಇದೇನಲೇ ಮೂರು ಪಟ್ಟಿ?”

ಡಿವಿಡಿಯ ಹೊಳೆಯುವ ಮೈಮೇಲೆ, ಈ ಅಂಚಿನಿಂದ ಆ ಅಂಚಿಗೆ, ಮೂರು ಬೆರಳಿನಲ್ಲಿ ಎಳೆದ ಮೂರು ಬಿಳಿ ಪಟ್ಟಿಗಳಿದ್ದವು. ನಡುವೆ ಕುಂಕುಮದ ಒಂದು ಬೊಟ್ಟು ಒಣಗಿ ಕಪ್ಪಾಗಿತ್ತು.

ಮೂವರೂ ಅದನ್ನೇ ನೋಡಿದರು. ನೋಡಿದವರಲ್ಲಿ ಸೂಗಮ್ಮನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ.

“ವಿಭೂತಿ” ಎಂದಳು. “ದೀಪಾವಳಿಗಿ ಲಕ್ಷ್ಮೀಪೂಜಿ ಮಾಡೂ ಮುಂದ ಅಲಮಾರಿದಾಗಿನ ಸಾಮಾನಕ್ಕೆಲ್ಲಾ ಹಚ್ತೀನಿ. ಹೊಲದ ಕಾಗದಕ್ಕ, ಬ್ಯಾಂಕಿನ ಬುಕ್ಕಿಗಿ, ಇದಕ್ಕ. ಪ್ರತಿ ವರ್ಷ.”

“ಪ್ರತಿ ವರ್ಷ ಅಂದ್ರ ಹದಿನೈದು ಸಲ!”

“ಹೋದ ವರ್ಷದ್ದು ಸೆರಗಿಲೆ ಗಸಗಸ ಒರಸಿ ಹೊಸಾದು ಹಚ್ತೀನಪ್ಪ. ಹಳೇದರ ಮ್ಯಾಲ ಹಚ್ಚಾಕ ನಾನೇನು ಮಡ್ಡಿ ಏನು?”

ಶರಣಕುಮಾರ ಕಣ್ಣು ಮುಚ್ಚಿ ತೆರೆದ. “ಅವ್ವಾ, ಹಚ್ಚೂದ ಹಚ್ಚಿ. ಮ್ಯಾಲಿನ ಕಡೆ ಹಚ್ಚಬಾರದಾ? ಯಂತ್ರ ಓದೂದು ಈ ಹೊಳಿಯೂ ಕಡೆ.”

ಸೂಗಮ್ಮ ಎದ್ದು ಬಂದು, ಡಿವಿಡಿಯನ್ನು ಭೀಮೇಶನ ಕೈಯಲ್ಲೇ ತಿರುಗಿಸಿ ಮೇಲಿನ ಕಡೆ ತೋರಿಸಿದಳು. ಅಲ್ಲಿ ಗುಲಾಬಿ ಹೂಗಳ ನಡುವೆ ಕಸ್ತೂರಿಯೂ ಅವಳ ಗಂಡನೂ ನಗುತ್ತಿದ್ದರು.

“ಇಲ್ಲಿ ನನ್ನ ಮಗಳು ಅಳಿಯ ಇದ್ದಾರ. ಬದುಕಿದವರ ಫೋಟೋಕ್ಕ ವಿಭೂತಿ ಹಚ್ತಾರೇನು? ಎಂ.ಎ. ಮಾಡಿ, ಅಷ್ಟೂ ತಿಳ್ಯಂಗಿಲ್ಲ ನಿನಗ?”

ತನ್ನ ಎರಡು ತಾಸಿನ ತರ್ಕಕ್ಕಿಂತ ತಾಯಿಯ ತರ್ಕವೇ ಗಟ್ಟಿ ಎಂದು ಶರಣಕುಮಾರನಿಗೆ ಒಳಗೊಳಗೇ ಅನ್ನಿಸಿತು.

ಭೀಮೇಶ ಮೊಬೈಲಿನ ಗಾಜು ಒರೆಸುವ ಮೆತ್ತನೆಯ ಬಟ್ಟೆ ತಂದ. ಬಟ್ಟಲಲ್ಲಿ ನೀರು, ಒಂದು ಹನಿ ಸೋಪು. ದುಂಡಗೆ ಉಜ್ಜಬಾರದು, ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಬೇಕು ಎಂದು ಶರಣಕುಮಾರ ಹೇಳಿದ. ವಿಭೂತಿ ಹೋಯಿತು, ಕುಂಕುಮ ಹೋಯಿತು. ಸೆರಗಿನ ಗಸಗಸದ ಗೀರುಗಳು ಉಳಿದವು. ಬಟ್ಟಲಿನ ನೀರನ್ನು ಭೀಮೇಶ ರಸ್ತೆಗೆ ಚೆಲ್ಲಲು ಹೋದಾಗ, “ತುಳಿಯೂ ಜಾಗಕ್ಕ ಚೆಲ್ಲಬ್ಯಾಡ” ಎಂದು ಸೂಗಮ್ಮ ಗದರಿ, ಎದುರಿನ ಬೇವಿನ ಬುಡಕ್ಕೆ ಹಾಕಿಸಿದಳು.

ಒಣಗಿದ ಡಿವಿಡಿಯನ್ನು ತಟ್ಟೆಯಲ್ಲಿಟ್ಟರು. ಮೂವರೂ ಪರದೆಯ ಮುಂದೆ ಬಗ್ಗಿದರು.

ಹತ್ತೊಂಬತ್ತು ತಾಸು.

“ನೋಡಿದ್ಯಾ” ಎಂದಳು ಸೂಗಮ್ಮ. “ದೇವರದು ತೊಳದ್ರಿ. ಅದಕ್ಕ ಸಿಟ್ಟು ಬಂದದ.”

ಭೀಮೇಶ ತನ್ನ ಅಂಗಡಿಗೆ ಹೋದ. ಗಂಟೆ ಒಂದಾಗಲು ಹತ್ತು ನಿಮಿಷ. ಶರಣಕುಮಾರ ಮೊಬೈಲಿನಲ್ಲಿ ಹುಡುಕುತ್ತಾ ಕೂತ. ಇಂಥದೇ ಹಳೆಯ ಕಂಪ್ಯೂಟರ್ ಇಟ್ಟುಕೊಂಡ ಯಾರೋ ಯಾವಾಗಲೋ ಬರೆದಿಟ್ಟಿದ್ದ. ಕೊಳೆಯಾದ ಡಿವಿಡಿ ಹಾಕಿದಾಗ ಯಂತ್ರ ಓದಲು ಹೋಗಿ ಎಡವುತ್ತದೆ. ಮತ್ತೆ ಓದುತ್ತದೆ, ಮತ್ತೆ ಎಡವುತ್ತದೆ. ಆರು ಸಲ ಎಡವಿದ ಮೇಲೆ, ಇನ್ನು ಈ ತಟ್ಟೆಯ ಜೊತೆ ವೇಗದ ವ್ಯವಹಾರ ಬೇಡ ಎಂದು ಕಂಪ್ಯೂಟರೇ ತೀರ್ಮಾನಿಸಿ, ಅತಿ ನಿಧಾನದ ಹಾದಿಗೆ ಇಳಿಯುತ್ತದೆ. ಆಮೇಲೆ ಎಂಥ ಸ್ವಚ್ಛ ಡಿವಿಡಿ ಹಾಕಿದರೂ ಮೇಲೆ ಬರುವುದಿಲ್ಲ. ಯಾಕೆ ಇಳಿದೆ ಎಂಬುದು ಅದಕ್ಕೆ ಮರೆತಿರುತ್ತದೆ, ಇಳಿದದ್ದು ಮಾತ್ರ ನೆನಪಿರುತ್ತದೆ.

ಅದನ್ನು ಓದಿ ಶರಣಕುಮಾರನಿಗೆ ಸುರಪುರದ ಒಂದು ಮನೆಯ ಪಡಸಾಲೆ ಕಣ್ಣಮುಂದೆ ಬಂತು.

“ಏನಂತ ಬರದಾನ?” ಸೂಗಮ್ಮ ಕೇಳಿದಳು.

“ಡಿವಿಡಿ ಕೊಳಿ ಇತ್ತು, ಅದೂ ಖರೇ. ಕಂಪ್ಯೂಟರ್ ಮುನಿಸಿಕೊಂಡದ, ಇದೂ ಖರೇ. ಡಿವಿಡಿ ತೊಳದ್ರೂ ಅದರ ಮುನಿಸು ತಾನಾಗೇ ಇಳ್ಯಂಗಿಲ್ಲಂತ.”

“ಮತ್ತ ಹ್ಯಾಂಗ ಇಳಸ್ತಾರ?”

“ಆ ತಟ್ಟಿದು ಹೆಸರು ಕಂಪ್ಯೂಟರಿನಿಂದ ಪೂರಾ ತೆಗದು ಹಾಕಬೇಕಂತ. ಆಮ್ಯಾಲ ಬಂದ್ ಮಾಡಿ ಚಾಲೂ ಮಾಡಿದ್ರ, ಹೊಸದಾಗಿ ಗುರುತು ಹಿಡದು ಮಾತಾಡ್ತದಂತ.”

ಸೂಗಮ್ಮ, “ನಿಮ್ಮ ಮಾವಗ ಹಿಂಗ ಮಾಡಾಕ ಬರ್ತದೇನು ಕೇಳು” ಎಂದಳು.

ಶರಣಕುಮಾರ ಆ ಹೆಸರನ್ನು ತೆಗೆದುಹಾಕಿ ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಅದು ಎಚ್ಚರಾಗಲು ತೆಗೆದುಕೊಂಡ ನಾಲ್ಕು ನಿಮಿಷ ತಾಯಿ ಮಗ ಇಬ್ಬರೂ ಗಡಿಯಾರ ನೋಡುತ್ತಿದ್ದರು. ತಟ್ಟೆ ಗರ್ರ್ ಎಂದು ಸದ್ದು ಮಾಡಿತು. ಬೆಳಿಗ್ಗೆಯಿಂದ ಕೇಳಿರದ ಸದ್ದು ಅದು. ಹದಿಮೂರು ನಿಮಿಷ ಎಂದಿತು ಕಂಪ್ಯೂಟರ್. ಗೀರು ಇದ್ದಲ್ಲಿ ಎರಡು ಸಲ ತಡವರಿಸಿ, ಇಪ್ಪತ್ತು ನಿಮಿಷಕ್ಕೆ ಮುಗಿಸಿತು. ಒಳಗೆ ಏನಿದೆ ನೋಡಲು ಪುರುಸೊತ್ತು ಇರಲಿಲ್ಲ. ಪೆನ್‌ಡ್ರೈವನ್ನು ಸೂಗಮ್ಮ ಕರವಸ್ತ್ರದ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸುರಪುರದ ಮನೆಯಲ್ಲಿ ಚನ್ನಯ್ಯ ಟಿವಿಯ ಎದುರು ಕುರ್ಚಿ ಹಾಕಿಕೊಂಡು, ಆಗಲೇ ನ್ಯಾಯಾಧೀಶನಂತೆ ಕೂತಿದ್ದ. ಅಕ್ಕ ಒಳಗೆ ಬಂದಾಗ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಟಿವಿ ಇನ್ನೂ ಹಚ್ಚಿರಲೂ ಇಲ್ಲ.

“ಕೇಳು ಅಕಿಗಿ, ಚಹಾ ಕುಡೀತಾಳೇನು” ಎಂದ ಹೆಂಡತಿಗೆ.

“ಹೇಳು ಅಂವಗ, ಮೊದ್ಲು ವಿಡಿಯೋ, ಆಮ್ಯಾಲ ಚಹಾ” ಎಂದಳು ಸೂಗಮ್ಮ.

ಅಡಿಗೆಮನೆಯ ಬಾಗಿಲಲ್ಲಿ ನಿಂತ ಚಂದಮ್ಮ, “ನಾನೇನು ಟೆಲಿಫೋನಿನ ಕಂಬ ಏನು? ಫೋನಿನ್ಯಾಗಾದ್ರ ಸೈ, ಎದುರಿಗಿ ಕೂತೂ ನಾನೇ ಹೇಳಬೇಕಾ?” ಎಂದಳು. ಶರಣಕುಮಾರ ಪೆನ್‌ಡ್ರೈವ್ ಸಿಕ್ಕಿಸಿದ.

ಊಟದ ಸಭಾಂಗಣ ಬಂತು. ಮಾತಿನ ಸದ್ದು ಒಂದೂ ಇಲ್ಲ. ವಿಡಿಯೋದವನು ಎಲ್ಲರ ಧ್ವನಿಯನ್ನೂ ತೆಗೆದು ಉದ್ದಕ್ಕೂ ಶಹನಾಯಿ ತುಂಬಿದ್ದ. ಸಾರಿನ ಬಕೆಟ್ಟಿನೊಳಗಿಂದ ಹೃದಯದಾಕಾರ ಅರಳಿ, ಅದರಲ್ಲಿ ಕಸ್ತೂರಿಯ ಮುಖ ಮೂರು ಸುತ್ತು ತಿರುಗಿ ಮಾಯವಾಯಿತು. ಆಮೇಲೆ ಒಬ್ಬ ಮನುಷ್ಯ ಕಂಡ. ತೆಳ್ಳಗೆ, ದಟ್ಟ ಕಪ್ಪು ಮೀಸೆ, ಸೊಂಟಕ್ಕೆ ಟವೆಲ್ಲು.

“ಯಾರದು, ಚಲೋ ಇದ್ದಾನಲ್ಲ?” ಎಂದಳು ಚಂದಮ್ಮ.

“ನಾನೇ” ಎಂದ ಚನ್ನಯ್ಯ.

ಟಿವಿಯ ಚನ್ನಯ್ಯ ಒಬ್ಬ ಮುದುಕನ ಕೈ ಹಿಡಿದು ಎಬ್ಬಿಸಿ, ನಡೆಸಿಕೊಂಡು ಬಂದು ಎಲೆಯ ಮುಂದೆ ಕೂಡಿಸಿದ. ಓಡಿದ. ಇನ್ನೊಬ್ಬನ ಕೈ ಹಿಡಿದ. ಬೀಗರ ಕಡೆಯವರು ಬೇಡ ಬೇಡ ಎಂದು ತಲೆಯಾಡಿಸಿದರೂ ಬಿಡದೆ ಇಬ್ಬರನ್ನು ಎರಡೂ ಕೈಯಲ್ಲಿ ಎಳೆದು ತಂದ. ಆಮೇಲೆ ಹೋಳಿಗೆಯ ಬಕೆಟ್ ಹಿಡಿದು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಬಗ್ಗುತ್ತಾ ಹೋದ. ಚಂದಮ್ಮ ಎಣಿಸತೊಡಗಿದಳು. ಹದಿನೆಂಟನೆಯ ಕೈಗೆ ಲೆಕ್ಕ ತಪ್ಪಿ ಬಿಟ್ಟುಬಿಟ್ಟಳು.

“ನನ್ನ ಕೈ ಯಾರು ಹಿಡದಾರ ತೋರಸಂತ ಹೇಳು” ಎಂದ ಚನ್ನಯ್ಯ. ಆದರೆ ಮೊದಲಿನ ಬಿಗಿ ದನಿಯಲ್ಲಿ ಇರಲಿಲ್ಲ.

ಕೊನೆಯ ಪಂಕ್ತಿ ಬಂತು. ಜನ ಕರಗಿದ್ದರು. ಶರಣಕುಮಾರನ ಅಪ್ಪ ಒಂದು ಎಲೆಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಇನ್ನೊಂದು ಎಲೆ, ಖಾಲಿ. ಫ್ಯಾನಿನ ಗಾಳಿಗೆ ಅದು ಏಳುತ್ತಿತ್ತು. ಅಪ್ಪ ತಮ್ಮ ನೀರಿನ ಲೋಟವನ್ನು ಎತ್ತಿ ಆ ಎಲೆಯ ಮೇಲಿಟ್ಟರು. ಅಷ್ಟರಲ್ಲಿ ಶಹನಾಯಿ ನಿಂತಿತು. ವಿಡಿಯೋದವನ ಹತ್ತಿರ ಸಂಗೀತ ಮುಗಿದು ಚಿತ್ರ ಮಾತ್ರ ಉಳಿದಿತ್ತೇನೋ, ಮುಂದೆ ಪೂರ್ತಿ ನಿಶ್ಶಬ್ದ. ಅಪ್ಪ ಕೈ ಎತ್ತಿ ದೂರದಲ್ಲಿ ಯಾರನ್ನೋ ಕರೆದರು. ಚಿತ್ರದ ಅಂಚಿನಲ್ಲಿ, ಬೀಗರ ಎಲೆಗೆ ಬಗ್ಗಿದ ಒಂದು ಬೆನ್ನು, ಒಂದು ಬಕೆಟ್ ಕಂಡಿತು. ಬೆನ್ನು ತಿರುಗಲಿಲ್ಲ. ಅಪ್ಪ ಮತ್ತೊಮ್ಮೆ ಕೈ ಎತ್ತಿದರು. ಬಾಯಿ ಆಡಿತು. ಸದ್ದಿಲ್ಲದಿದ್ದರೂ ಆ ಪಡಸಾಲೆಯಲ್ಲಿದ್ದ ನಾಲ್ವರಿಗೂ ‘ಚನ್ನಾ’ ಎಂಬುದು ಕೇಳಿಸಿತು. ಆ ಬೆನ್ನು ಬಾಗಿಲಾಚೆ ಮರೆಯಾದ ಮೇಲೆ ಅವರು ಊಟ ಮುಟ್ಟದೆ ಅತ್ತಲೇ ನೋಡುತ್ತಾ ಕೂತರು.

ಎರಡು ಗಿಣಿಗಳು ಹಾರಿಬಂದು ‘ಧನ್ಯವಾದಗಳು’ ಎಂಬ ಫಲಕ ಹಿಡಿದು ನಿಂತವು. ವಿಡಿಯೋ ಮುಗಿಯಿತು.

ಮೌನಗಳ ಬಗ್ಗೆ ಶರಣಕುಮಾರನಿಗೆ ಸ್ವಲ್ಪ ತಿಳಿದಿತ್ತು. ಈಗಿನದು ಹದಿನೈದು ವರ್ಷದ ಆ ಮೌನವಲ್ಲ, ಬೇರೆ ಜಾತಿಯದು ಎಂದು ಅವನಿಗೆ ಅನ್ನಿಸಿತು. ಅದನ್ನು ಕೆಡಿಸಬಾರದೆಂದು ರಿಮೋಟನ್ನೂ ಮುಟ್ಟಲಿಲ್ಲ.

“ಕೈ ಹಿಡದಿಲ್ಲ” ಎಂದಳು ಸೂಗಮ್ಮ ಕೊನೆಗೆ. ಹೇಳಲು ಅವಳಿಗೆ ಬಹಳ ಕಷ್ಟವಾಯಿತು. “ನೀ ಹೇಳಿದ್ದು ಖರೇ ಅದ, ಚನ್ನಾ.”

ಚನ್ನಯ್ಯ ಗಿಣಿಗಳನ್ನು ನೋಡುತ್ತಲೇ ಇದ್ದ. “ಹಿಡ್ಯಾಕ ನನ್ನ ಕೈ ಖಾಲಿ ಎಲ್ಲಿದ್ವು? ಬಕೀಟು ಇತ್ತಲ್ಲ” ಎಂದ. ಆಮೇಲೆ, “ಎಲಿ ಹಾರಬಾರದಂತ ಲೋಟ ಇಟ್ಟಾರ ನೋಡಕ್ಕ” ಎಂದ.

ಅದನ್ನು ಹೇಳಲು ಅವನು ಹೆಂಡತಿಯ ಕಡೆ ನೋಡಲಿಲ್ಲ. ಚಂದಮ್ಮ ಇದನ್ನು ಗಮನಿಸಿ, ಸುಳಿವು ಕೊಡದೆ ಒಳಗೆ ಹೋಗಿ ತಾಟು ಹಾಕಿದಳು. “ಪುಂಡಿಪಲ್ಯ, ಬಿಸಿ ರೊಟ್ಟಿ ಅದ, ಏಳ್ರಿ ಎಲ್ಲಾರು” ಎಂದು ಕೂಗಿದಳು.

ಚನ್ನಯ್ಯ ಎದ್ದ. “ಏಳಕ್ಕ, ಊಟಕ್ಕ.”

ಸೂಗಮ್ಮ ಏಳಲಿಲ್ಲ. ಕೈಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, “ಬಾಯಿಲೆ ಕರದ್ರ ನಾ ಏಳಂಗಿಲ್ಲ” ಎಂದಳು.

ಒಳಗೆ ಚಂದಮ್ಮನ ಕೈಯಿಂದ ಸೌಟು ಬಿದ್ದ ಸದ್ದಾಯಿತು, ಹಿಂದೆಯೇ ಅವಳ ನಗು. ಚನ್ನಯ್ಯ ಅಕ್ಕನನ್ನು ದಿಟ್ಟಿಸಿದ. ಅಂಗಿಗೆ ಕೈ ಒರೆಸಿಕೊಂಡ. ಹೋಗಿ ಕೈ ಹಿಡಿದು ಎಬ್ಬಿಸಿದ. ಪಡಸಾಲೆಯಿಂದ ಅಡಿಗೆಮನೆಗೆ ಆರು ಹೆಜ್ಜೆ. ಆರನ್ನೂ ಕೈ ಬಿಡದೆ ನಡೆಸಿ, ತಾಟಿನ ಮುಂದೆ ಕೂಡಿಸಿ ಬಿಟ್ಟ. ತಕ್ಷಣ ಏನೋ ಹೊಳೆದು ತಿರುಗಿದ.

“ಶರಣ್ಯಾ, ತೆಗದೇನಲೇ?”

“ಏನು ಮಾವ?”

“ವಿಡಿಯೋನಲೇ! ನಾಳಿಗಿ ಇಕಿ ‘ನನ್ನ ಕೈ ಹಿಡದು ಕರದಿಲ್ಲ’ ಅಂದ್ರ ನಾ ಏನು ತೋರಿಸ್ಲಿ?”

ಶರಣಕುಮಾರ ತೆಗೆದಿರಲಿಲ್ಲ. ಆದ್ದರಿಂದ ಸೂಗಮ್ಮ ತಾಟಿನ ಮುಂದಿನಿಂದ ಎದ್ದು ಮತ್ತೆ ಪಡಸಾಲೆಗೆ ಬಂದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಚನ್ನಯ್ಯ ಎರಡನೆಯ ಸಲ ಕೈ ಹಿಡಿದ. ಈ ಸಲ ಅವಳು ಬೇಡ ಬೇಡ ಎಂದು ಸ್ವಲ್ಪ ಬಿಗುಮಾನವನ್ನೂ ಮಾಡಿದಳು. “ಮಾತು ಸುದ್ದಾ ಬರಲಿ, ಶಹನಾಯಿ ಹಾಕಬ್ಯಾಡ” ಎಂದು ಚಂದಮ್ಮ ಒಳಗಿಂದ ಕೂಗಿದ್ದೂ ಅದರಲ್ಲಿ ಸೇರಿತು. ಮೂವರೂ ಕೂತು ಉಣ್ಣತೊಡಗಿದರು. ಮದುವೆಯ ಗಂಡು ಮಾತ್ರ ಬಾಗಿಲಲ್ಲಿ ಫೋನ್ ಹಿಡಿದು ನಿಂತೇ ಇದ್ದ. ಅವನನ್ನು ಯಾರೂ ಕರೆಯಲಿಲ್ಲ. ಹಿಡಿಯಲು ಅವನ ಕೈಗಳೂ ಖಾಲಿ ಇರಲಿಲ್ಲ. ವಿಡಿಯೋ ಉಳಿದಿದೆ ಎಂದು ಖಾತ್ರಿ ಮಾಡಿಕೊಂಡು ಅವನು ತಾನಾಗಿಯೇ ಹೋಗಿ ಕೂತು ತಾಟು ಎಳೆದುಕೊಂಡ.

ಮರಳುವ ಬಸ್ಸಿನಲ್ಲಿ ಐದೂ ಮುಕ್ಕಾಲಿಗೆ ಅವನು ಯಾದಗಿರಿಯ ಮುದ್ರಣದವನಿಗೆ ಫೋನ್ ಮಾಡಿ ಖಾಲಿ ಜಾಗದ ಹೆಸರು ಹೇಳಿದ. “ಅಕ್ಷರ ಜರಾ ದೊಡ್ಡದು ಹಾಕಂತ ಹೇಳು” ಎಂದು ಸೂಗಮ್ಮ ಪಕ್ಕದಿಂದ ಸೇರಿಸಿದಳು. ಆಮೇಲೆ ಕರವಸ್ತ್ರದ ಗಂಟು ಬಿಚ್ಚಿ, ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

“ಶರಣ್ಯಾ, ಇದು ಇನ್ನ ಅಲಮಾರಿದಾಗೇ ಇರ್ತದ. ಇದಕ್ಕ ಯಾವ ಕಡೆ ಹಚ್ಚಿದ್ರ ತ್ರಾಸಿಲ್ಲ?”

ಶರಣಕುಮಾರ ಒಂದು ಗಳಿಗೆ ಮೌನವಾದ. ಮಗನಿಗೆ ಗೊತ್ತಿದೆ ಎಂದುಕೊಂಡು ಸೂಗಮ್ಮ ಕಾಯುತ್ತಾ ಕೂತಳು.